ಗದಗದಲ್ಲಿ ಅರ್ಧ ದಿನ: ಗುಡಿ ಎರಡು, ಗಿರಣಿ ಒಂದು, ರೊಟ್ಟಿ ಒಂದು

ನೀವು ಕೇಳಿದ್ದು ಹೀಗಿದೆ: "ಹುಬ್ಬಳ್ಳಿಯ ಮದುವೆಗೆಂದು ಬೆಂಗಳೂರಿನಿಂದ ನಾವು ನಾಲ್ವರು ಬರುತ್ತಿದ್ದೇವೆ. ಒಂದು ದಿನ ಗದಗಕ್ಕೆ ಮೀಸಲಿಟ್ಟಿದ್ದೇವೆ. ಊರಿನ ಇತಿಹಾಸ ಹೇಳುತ್ತ ನಡೆದಾಡಿಸಿ, ಕೊನೆಗೆ ಇಲ್ಲಿಯ ಅಡುಗೆಯನ್ನೂ ಕಲಿಸುವವರು ಸಿಗುತ್ತಾರೆಯೇ? ಎಷ್ಟು ಸ್ಥಳ ನೋಡಬಹುದು, ಎಷ್ಟು ಅಡುಗೆ ಕಲಿಯಬಹುದು?"

ಎರಡು ಗುಡಿ ನೋಡಿ, ಒಂದು ಅಡುಗೆ ಕಲಿಯಿರಿ. ಅಷ್ಟು ಸಾಕು. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ನಾನು ಗದಗದಲ್ಲೇ ಹುಟ್ಟಿ ಬೆಳೆದವಳು. ಆರೇಳು ವರ್ಷಗಳಿಂದ ಬಂಧುಗಳು, ಗೆಳತಿಯರು, ಅವರ ಪರಿಚಯದವರು ಬಂದಾಗಲೆಲ್ಲ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮೊದಲ ಸಲ ಎಂಟು ಜನರನ್ನು ಕರೆದುಕೊಂಡು ಲಕ್ಕುಂಡಿಯಿಂದ ಬೆಟಗೇರಿಯವರೆಗೆ ಏಳು ಸ್ಥಳ ಸುತ್ತಿಸಿದೆ. ಆಮೇಲೆ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಐದು ಅಡುಗೆ ತೋರಿಸುವ ಏರ್ಪಾಡು. ಮನೆ ತಲುಪಿದಾಗ ಮಧ್ಯಾಹ್ನ ಎರಡೂವರೆ. ಎಲ್ಲರಿಗೂ ಹಸಿವು. ಚಿಗವ್ವ ಒಲೆಯ ಮುಂದೆ ಕುಳಿತು ಒಬ್ಬಳೇ ಬಡಿದಳು, ಬೇಯಿಸಿದಳು, ಬಡಿಸಿದಳು. ಬಂದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಒಬ್ಬರ ಕೈಗೂ ಹಿಟ್ಟು ಹತ್ತಲಿಲ್ಲ. ಅವರು ಹೊರಟ ಮೇಲೆ ಚಿಗವ್ವ, "ಇವರು ಕಲಿಯಲು ಬಂದಿದ್ದರೋ, ಉಣ್ಣಲು ಬಂದಿದ್ದರೋ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಈಗ ನಾನು ಅನುಸರಿಸುವ ಕ್ರಮವನ್ನು ಬರೆಯುತ್ತೇನೆ. ನಾನಿಲ್ಲದೆಯೂ ನೀವು ಇದನ್ನು ಮಾಡಿಕೊಳ್ಳಬಹುದು.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್. ರೈಲೂ ಇದೆ, ಬಸ್ಸೂ ಇದೆ. ಸಾಧ್ಯವಾದರೆ ಹಿಂದಿನ ಸಂಜೆಯೇ ಬಂದು ಇಲ್ಲಿ ಉಳಿಯಿರಿ. ಬೆಳಗ್ಗೆ ಏಳಕ್ಕೆಲ್ಲ ಕಾಲ್ನಡಿಗೆ ಶುರುವಾಗಬೇಕು. ಬಿಸಿಲು ತಪ್ಪುತ್ತದೆ ಎಂಬುದು ಒಂದು ಕಾರಣ. ಹಳೆಯ ಓಣಿಗಳಲ್ಲಿ ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಒಂದೇ ಲಯದಲ್ಲಿ ಪಟಪಟ ಎನ್ನುವ ಆ ಸದ್ದನ್ನು ನಿಂತು ಕೇಳಿರಿ. ನಡುವೆ ಒಂದು ಗಳಿಗೆ ನಿಂತಿತೆಂದರೆ ರೊಟ್ಟಿ ಹಂಚಿಗೆ ಹೋಯಿತು ಎಂದರ್ಥ. ನಿಮ್ಮ ಅಡುಗೆಯ ಪಾಠ ಶುರುವಾಗುವುದು ಅಲ್ಲಿಂದಲೇ.

ಮೊದಲು ತ್ರಿಕೂಟೇಶ್ವರ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ ನಡೆಯುತ್ತದೆ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ ಇದೆ. ಮೂರ್ತಿ ಭಗ್ನವಾಗಿದೆ, ಆದರೆ ಕಂಬಗಳಿಗಾಗಿಯೇ ಅಲ್ಲಿ ಅರ್ಧ ಗಂಟೆ ಇಡಿ. ಮೃದುವಾದ ಬಳಪದ ಕಲ್ಲಿನಲ್ಲಿ ಶಿಲ್ಪಿಗಳು ಆಭರಣದ ಕುಸುರಿಯನ್ನೇ ಕೆತ್ತಿದ್ದಾರೆ. ಒಂದು ಕಂಬದ ಬುಡದಲ್ಲಿ ಕುಳಿತು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿ ನೋಡಿಕೊಂಡು ಹೋಗಿರಿ. ಎಲ್ಲ ಕಂಬಗಳನ್ನೂ ಮುಗಿಸುವ ಆತುರ ಬೇಡ. ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕಂಬ ಹಂಚಿ, ಅದರಲ್ಲಿ ಕಂಡದ್ದನ್ನು ಹೇಳಲು ಕೇಳಿರಿ. ದೊಡ್ಡವರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಅಲ್ಲಿಂದ ನಡೆದೇ ವೀರನಾರಾಯಣ ಗುಡಿಗೆ ಬರಬಹುದು. ಕನ್ನಡ ಓದುವವರಿಗೆ ಇದು ಬರಿಯ ಗುಡಿಯಲ್ಲ. ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ್ದು ಈ ದೇವರ ಅಂಕಿತದಲ್ಲಿ. ಒಳಗಿನ ಒಂದು ಕಂಬವನ್ನು ತೋರಿಸಿ, ಅವನು ಇಲ್ಲಿಯೇ ಕುಳಿತು ಬರೆಯುತ್ತಿದ್ದ ಎನ್ನುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕುಳಿತರೆ, ಬಟ್ಟೆ ಆರುವವರೆಗೆ ಮಾತ್ರ ಪದ್ಯ ಹರಿಯುತ್ತಿತ್ತಂತೆ. ಇದು ಊರಿನ ನಂಬಿಕೆ. ನಾನು ಅದನ್ನು ನಂಬಿಕೆ ಎಂದೇ ಹೇಳುತ್ತೇನೆ. ಆದರೆ ಈ ಮಾತನ್ನು ನೆನಪಿಟ್ಟುಕೊಳ್ಳಿ, ಒಲೆಯ ಮುಂದೆ ಮತ್ತೆ ಬೇಕಾಗುತ್ತದೆ.

ಈಗ ಗಿರಣಿ. ಊರು ತೋರಿಸುವವರು ಸಾಮಾನ್ಯವಾಗಿ ಇಲ್ಲಿಗೆ ಕರೆತರುವುದಿಲ್ಲ, ಗುಡಿಯಿಂದ ನೇರವಾಗಿ ಊಟಕ್ಕೆ ಕೂರಿಸುತ್ತಾರೆ. ನನ್ನ ಮಟ್ಟಿಗೆ ನಡಿಗೆಯ ಜೀವ ಇರುವುದು ಗಿರಣಿಯಲ್ಲಿ. ದಾರಿಯ ಕಾಳಿನ ಅಂಗಡಿಯಲ್ಲಿ ಎರಡು ಕಿಲೋ ಬಿಳಿಜೋಳ ಕೊಳ್ಳಿರಿ, ಹಿಂಗಾರಿಯದೇ ಬೇಕು ಎಂದು ಕೇಳಿರಿ. ನಮ್ಮ ಎರೆ ಹೊಲಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ಕಪ್ಪು ಮಣ್ಣು ಹಿಡಿದಿಟ್ಟ ಹಸಿಯಲ್ಲಿ, ಚಳಿಯ ಇಬ್ಬನಿಯಲ್ಲಿ ಬೆಳೆ ನಿಲ್ಲುತ್ತದೆ. ತೆನೆ ಮಾಗುವಾಗ ಮಳೆ ಇರುವುದಿಲ್ಲವಾದ್ದರಿಂದ ಕಾಳು ಮುತ್ತಿನಂತೆ ಬೆಳ್ಳಗೆ ಉಳಿಯುತ್ತದೆ. ಇಡೀ ಸೀಮೆ ಜೋಳದ ಮೇಲೆ ಯಾಕೆ ನಿಂತಿದೆ ಎಂಬುದಕ್ಕೆ ಆ ಮಣ್ಣೇ ಉತ್ತರ.

ಅಂಗಡಿಯಲ್ಲಿ ವಯಸ್ಸಾದವರಿದ್ದರೆ ಹಗೇವಿನ ಬಗ್ಗೆ ಕೇಳಿರಿ. ಹಿಂದೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಹುಲ್ಲು ಮುಚ್ಚಿ, ಮಣ್ಣು ಮೆತ್ತಿ ಬಾಯಿ ಕಟ್ಟುತ್ತಿದ್ದರು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು. ಬರಗಾಲದಲ್ಲಿ ಮನೆತನಗಳನ್ನು ಉಳಿಸಿದ್ದು ಈ ಹಗೇವುಗಳೇ. ಬರದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಗುಡಿಯ ಕಂಬದಷ್ಟೇ ಇದೂ ನಮ್ಮ ಊರಿನ ಇತಿಹಾಸ. ಗಿರಣಿಯ ಸರದಿಯಲ್ಲಿ ನಿಂತಾಗ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಗಿರಣಿಯಿಂದ ಬಂದ ಹಿಟ್ಟಿನ ಡಬ್ಬಿ ಬಿಸಿಯಾಗಿರುತ್ತದೆ. ಮುಚ್ಚಳ ಹಾಕಬೇಡಿ. ಮನೆಗೆ ಬಂದು ಅಗಲವಾದ ಪರಾತದಲ್ಲಿ ಹರವಿ ಆರಲು ಬಿಡಿ. ಬಂದವರೆಲ್ಲ ಮೊದಲು ಒಂದು ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕೆಂಬುದು ಚಿಗವ್ವನ ಕಟ್ಟಳೆ.

ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಜಿಗಿ. ಆದ್ದರಿಂದ ಎಸರು ಕುದಿಯಲೇಬೇಕು, ಬೆಚ್ಚಗಿನ ನೀರು ಸಾಲದು. ಹಿಟ್ಟಿನ ನಡುವೆ ಗುಣಿ ಮಾಡಿ, ಎಸರು ಸುರಿದು, ಚಮಚದಿಂದ ಕಲೆಸಿ, ಕೈ ತಾಳುವಷ್ಟಾದ ಮೇಲೆ ನಾದಬೇಕು. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಹಿಂದಕ್ಕೆ ಮಡಚಿ, ಮತ್ತೆ ಒತ್ತಿ. ಎಷ್ಟು ನಾದಬೇಕು ಎಂದು ಎಲ್ಲರೂ ಕೇಳುತ್ತಾರೆ. "ಅಂಚು ಹೇಳುತ್ತದೆ" ಎನ್ನುತ್ತಾಳೆ ಚಿಗವ್ವ. ಉಂಡೆಯನ್ನು ಸ್ವಲ್ಪ ಒತ್ತಿದಾಗ ಅಂಚು ಬಿರಿದರೆ ಇನ್ನೂ ನಾದಬೇಕು, ನುಣ್ಣಗೆ ಹರಡಿದರೆ ಸಾಕು.

ಆಮೇಲೆ ಬಡಿಯುವುದು. ಒಣ ಹಿಟ್ಟು ಉದುರಿಸಿ, ಉಂಡೆ ಇಟ್ಟು, ಬಲಗೈಯಿಂದ ಬಡಿಯುತ್ತ ಎಡಗೈಯಿಂದ ಅಂಚನ್ನು ಕಾಯಬೇಕು. ಹೊಸಬರು ಮಾಡುವ ತಪ್ಪು ಎಂದರೆ ರೊಟ್ಟಿಯನ್ನು ಕೈಯಿಂದ ತಿರುಗಿಸಲು ಹೋಗುವುದು. ರೊಟ್ಟಿ ತಾನಾಗಿ ತಿರುಗಬೇಕು. ಬಡಿಯುವ ಪೆಟ್ಟು ನೇರವಾಗಿ ಕೆಳಗೆ ಬೀಳದೆ ಕೊಂಚ ಓರೆಯಾಗಿ ಬಿದ್ದರೆ, ಪ್ರತಿ ಪೆಟ್ಟಿಗೂ ರೊಟ್ಟಿ ಒಂದಿಷ್ಟು ಸರಿಯುತ್ತದೆ. ಇದನ್ನು ಬಾಯಿಂದ ಹೇಳಿ ಕಲಿಸಲು ಆಗುವುದಿಲ್ಲ. ಚಿಗವ್ವ ಕಲಿಯುವವರ ಹಿಂದೆ ಕುಳಿತು, ಅವರ ಕೈಯ ಮೇಲೆ ತನ್ನ ಕೈ ಇಟ್ಟು ನಾಲ್ಕು ಪೆಟ್ಟು ಬಡಿಸುತ್ತಾಳೆ. ಕಳೆದ ಚಳಿಗಾಲದಲ್ಲಿ ಬಂದಿದ್ದ ಇಂಜಿನಿಯರ್ ಹುಡುಗನೊಬ್ಬ ಮೂರು ರೊಟ್ಟಿ ಹರಿದ ಮೇಲೆ ಕೈ ತೊಳೆಯಲು ಎದ್ದ. "ಕೂತುಕೋ ತಮ್ಮಾ, ಹರಿದದ್ದನ್ನು ಮತ್ತೆ ನಾದಿದರಾಯಿತು, ಜೋಳ ಸಿಟ್ಟಾಗುವುದಿಲ್ಲ" ಎಂದಳು. ಆರನೆಯದು ಅವನ ಕೈಯಲ್ಲಿ ತಿರುಗಿತು. ಅವನು ಬಡಿಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದ. ಆ ಮುಖವನ್ನು ನಾನು ಮರೆತಿಲ್ಲ.

ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರಬೇಕು. ಒದ್ದೆ ಬಟ್ಟೆಯಿಂದ ಆ ಹಿಟ್ಟನ್ನು ಒರೆಸಿ ನೀರು ಸವರಬೇಕು. ನೀರು ಆರುತ್ತ ಬಂದಾಗ ತಿರುವಿ ಹಾಕಬೇಕು. ಮೊದಲೇ ತಿರುವಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಬಿರಿಯುತ್ತದೆ. ಕುಮಾರವ್ಯಾಸನ ಒದ್ದೆ ಬಟ್ಟೆಯ ಕಥೆಯನ್ನು ನಾನು ಇಲ್ಲಿ ಮತ್ತೆ ನೆನಪಿಸುತ್ತೇನೆ: ಹಸಿ ಇರುವಷ್ಟೇ ಹೊತ್ತು ಕೆಲಸ. ಮಕ್ಕಳು ಇದನ್ನು ಮರೆಯುವುದೇ ಇಲ್ಲ. ಕೊನೆಗೆ ಬಟ್ಟೆಯಿಂದ ಅಂಚು ಒತ್ತಿದರೆ ರೊಟ್ಟಿ ಉಬ್ಬುತ್ತದೆ.

ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇವೆಲ್ಲ ಊಟಕ್ಕೆ ಇರಲಿ, ಪಾಠಕ್ಕೆ ಬೇಡ. ಎಣಗಾಯಿ ಮಾಡುವ ವಿಧಾನವನ್ನು ಬರೆದುಕೊಂಡು ಹೋದರೆ ನಿಮ್ಮ ಮನೆಯಲ್ಲೂ ಮಾಡಬಹುದು. ರೊಟ್ಟಿ ಹಾಗಲ್ಲ, ಪಕ್ಕದಲ್ಲಿ ಇನ್ನೊಂದು ಕೈ ಬೇಕು. ಡಿಸೆಂಬರ್, ಜನವರಿಯಲ್ಲಿ ಬಂದರೆ ಹಕ್ಕರಕಿ ಸೊಪ್ಪು ಸಿಗುತ್ತದೆ. ಹಸಿಯದನ್ನೇ ರೊಟ್ಟಿಯ ಜೊತೆ ಕಡಿದು ತಿನ್ನಿರಿ.

ಕಲಿಸುವವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದ್ದೀರಿ. ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳೆಯರು ಗದಗದ ಬಡಾವಣೆ ಬಡಾವಣೆಯಲ್ಲೂ ಇದ್ದಾರೆ. ಹಿಂದಿನ ದಿನವೇ ಯಾವುದಾದರೂ ಖಾನಾವಳಿಯಲ್ಲಿ ಉಂಡು, ರೊಟ್ಟಿ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿರಿ. ಆ ಮನೆಗೆ ಹೋಗಿ, "ಅಕ್ಕಾ, ನಾಳೆ ಎರಡು ತಾಸು ನಮಗೆ ಕಲಿಸುತ್ತೀರಾ?" ಎಂದು ಕೇಳಿರಿ. ಅವರು ನಗುತ್ತಾರೆ, ಇದನ್ನೇನು ಕಲಿಯುವುದು ಎನ್ನುತ್ತಾರೆ, ಆಮೇಲೆ ಒಪ್ಪುತ್ತಾರೆ.

ಹಣದ ವಿಷಯವನ್ನು ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಇದು ನನಗೆ ನೋವಿನ ಸಂಗತಿ. ಕಂಬ ತೋರಿಸಿದವರಿಗೆ ಎಲ್ಲರೂ ದುಡ್ಡು ಕೊಡುತ್ತಾರೆ. ರೊಟ್ಟಿ ಕಲಿಸಿದ ಹೆಂಗಸಿಗೆ ಒಂದು ಕುಪ್ಪಸದ ಕಣ ಕೊಟ್ಟು, ಊಟ ಬಹಳ ಚೆನ್ನಾಗಿತ್ತು ಎಂದು ಹೋಗುತ್ತಾರೆ. ನಮ್ಮ ಚಿಗವ್ವ ಗಂಡ ತೀರಿಕೊಂಡ ಮೇಲೆ ಖಾನಾವಳಿಗೆ ರೊಟ್ಟಿ ಮಾಡಿಕೊಟ್ಟು ಇಬ್ಬರು ಮಕ್ಕಳನ್ನು ಓದಿಸಿದವಳು. ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಬಲಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ಆ ಕೈಯಲ್ಲಿರುವುದು ವಿದ್ಯೆ. ಮೊದಲ ಬಾರಿ ಹಣ ಕೊಟ್ಟಾಗ, ಮನೆಗೆ ಬಂದವರಿಂದ ತೆಗೆದುಕೊಳ್ಳುವುದೇ ಎಂದು ಹಿಂದೆ ಸರಿದಳು. ಊಟಕ್ಕಲ್ಲ, ಪಾಠಕ್ಕೆ ಎಂದು ನಾನೇ ಅವಳ ಕೈಯಲ್ಲಿಟ್ಟೆ. ನೀವೂ ಮೊದಲೇ ಮಾತಾಡಿಕೊಳ್ಳಿ, ಊಟದ್ದು ಬೇರೆ, ಕಲಿಕೆಯದು ಬೇರೆ ಎಂದು ಕೊಡಿ.

ಸಂಜೆಗೆ ಸಮಯ ಉಳಿದರೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬನ್ನಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟ ಜಾಗ ಅದು. ಲಕ್ಕುಂಡಿಯನ್ನು ಮಾತ್ರ ಇದೇ ದಿನಕ್ಕೆ ತುರುಕಬೇಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ ಇವಕ್ಕೆ ಪೂರ್ತಿ ಒಂದು ದಿನ ಬೇಕು.

ಊರಿಗೆ ಹಿಟ್ಟು ಒಯ್ಯುವ ಆಸೆಯಾಗುತ್ತದೆ. ತಿಂಗಳುಗಟ್ಟಲೆ ಇಟ್ಟ ಹಿಟ್ಟಿನ ಜಿಗಿ ಹೋಗುತ್ತದೆ, ಆಮೇಲೆ ರೊಟ್ಟಿ ಹರಿದರೆ ನಿಮ್ಮ ಕೈಯನ್ನೇ ದೂರುತ್ತೀರಿ. ಹಿಟ್ಟಿನ ಬದಲು ಜೋಳವನ್ನೇ ಒಯ್ಯಿರಿ, ಬೇಕಾದಷ್ಟೇ ಬೀಸಿಸಿರಿ. ನಿಮ್ಮ ಗಿರಣಿಯವರಿಗೆ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಬೇಡಿ ಎಂದು ತಪ್ಪದೆ ಹೇಳಿರಿ.