ಹಳೆ ಕೀಬೋರ್ಡ್, ಕಂಡೆನ್ಸರ್ ಮೈಕ್, ಲ್ಯಾಪ್‌ಟಾಪ್: ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡಲು ಆಡಿಯೋ, ಮಿಡಿ ಅಂತ ಎರಡು ಇಂಟರ್‌ಫೇಸ್ ಬೇಕಾ? ದನಿ ತಡವಾಗಿ ಕೇಳಿಸುತ್ತದಂತೆ, ನಿಜವಾ?

ಎರಡು ಬೇಡ. ಒಬ್ಬರು ಹಾಡುವುದು, ಒಬ್ಬರು ಕೀಬೋರ್ಡ್ ನುಡಿಸುವುದು ಅಂದಿದ್ದೀರಿ. ಅದಕ್ಕೆ ಒಂದು ಆಡಿಯೋ ಇಂಟರ್‌ಫೇಸ್ (ಮೈಕ್, ವಾದ್ಯಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಸಾಕು.

ದುಡ್ಡು ಕೊಡುವ ಮೊದಲು ಕೀಬೋರ್ಡ್‌ನ ಹಿಂಬದಿ ನೋಡಿ. ಪ್ರಿಂಟರ್‌ಗೆ ಇರುವಂಥ ಚೌಕದ ಯುಎಸ್‌ಬಿ ಪೋರ್ಟ್ ಇದ್ದರೆ ಪ್ರಿಂಟರ್ ಕೇಬಲ್‌ನಲ್ಲೇ ಮಿಡಿ, ಅಂದರೆ ನೀವು ನುಡಿಸಿದ ಕೀಗಳ ಮಾಹಿತಿ, ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಯಮಾಹಾ ಕೀಬೋರ್ಡ್‌ಗಳಲ್ಲಿ ಅಲ್ಲಿ ‘ಯುಎಸ್‌ಬಿ ಟು ಹೋಸ್ಟ್’ ಎಂದು ಬರೆದಿರುತ್ತದೆ. ಐದು ಪಿನ್ನಿನ ದುಂಡನೆಯ ಪೋರ್ಟ್ ಮಾತ್ರ ಇದ್ದರೆ ಮಿಡಿ ಪೋರ್ಟ್ ಕೂಡ ಇರುವ ಆಡಿಯೋ ಇಂಟರ್‌ಫೇಸನ್ನೇ ಕೊಳ್ಳಿ. ಸ್ಟೈನ್‌ಬರ್ಗ್ ಯುಆರ್22ಸಿಯಲ್ಲಿ ಅದಿದೆ. ಎಲ್ಲರೂ ಹೇಳುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಲ್ಲಿ ಇಲ್ಲ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ ಕೂಡ ಸಿಗುತ್ತದೆ. ಅದರ ಮೇಲಿನ ‘ಇನ್’, ‘ಔಟ್’ ಬರಹವನ್ನು ಪೂರ್ತಿ ನಂಬಬೇಡಿ. ನೋಟ್ ಬರದಿದ್ದರೆ ಎರಡನ್ನೂ ಅದಲು ಬದಲು ಮಾಡಿ, ಏನೂ ಸುಟ್ಟುಹೋಗುವುದಿಲ್ಲ.

ತುಂಬಾ ಜನ ಎಡವುವುದು ಇಲ್ಲಿ: ಮಿಡಿ ತಂತಿಯಲ್ಲಿ ಸಂಗೀತ ಹರಿಯುವುದೇ ಇಲ್ಲ. ಯಾವ ಕೀ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಎಂಬುದಷ್ಟೇ ಹೋಗುತ್ತದೆ. ಕೇಳಿಸುವುದು ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್ ವಾದ್ಯ. ನಿಮ್ಮ ಕೀಬೋರ್ಡ್‌ನ ಕೊಳಲು, ರಿದಮ್‌ಗಳೇ ಇಷ್ಟ ಅಂತಾದರೆ ಅದರ ಲೈನ್ ಔಟ್ ಅನ್ನು ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಹಾಕಿ. ನಾನಾದರೆ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡುತ್ತೇನೆ. ಹಾಡುವವರು ನಾಳೆ ಬಂದು "ಶ್ರುತಿ ಅರ್ಧ ಮನೆ ಇಳಿಸಿ" ಅಂದರೆ ಮಿಡಿಯಲ್ಲಿ ಅದು ಒಂದು ನಿಮಿಷದ ಕೆಲಸ. ಆಡಿಯೋದಲ್ಲಿ ಜಾಸ್ತಿ ಇಳಿಸಿದಷ್ಟೂ ದನಿ ಕೆಡುತ್ತದೆ. ಗಮಕಕ್ಕೆ ಪಿಚ್ ಬೆಂಡ್ ಚಕ್ರ ಬಳಸುತ್ತೀರಾ? ಹಾಗಿದ್ದರೆ ಬೆಂಡ್ ರೇಂಜ್ (ಚಕ್ರ ಪೂರ್ತಿ ತಿರುಗಿಸಿದರೆ ಸ್ವರ ಎಷ್ಟು ಜಾರುತ್ತದೆ ಎಂಬ ಅಳತೆ) ಕೀಬೋರ್ಡ್‌ನಲ್ಲೂ ಸಾಫ್ಟ್‌ವೇರ್‌ನಲ್ಲೂ ಒಂದೇ ಇರಲಿ, ಇಲ್ಲದಿದ್ದರೆ ಜಾರು ಶ್ರುತಿ ಬಿಟ್ಟು ಎಲ್ಲೋ ಹೋಗಿ ನಿಲ್ಲುತ್ತದೆ.

ಇನ್ನು ತಡದ ವಿಷಯ. ನಿಜ, ಆದರೆ ಸುಮ್ನೆ ಮಿಡಿಯನ್ನು ಬೈಯಬೇಡಿ. ಅದು 1983ರ ತಂತ್ರಜ್ಞಾನ, ವೇಗ ಸೆಕೆಂಡಿಗೆ ಬರೀ 31,250 ಬಿಟ್. ಆದರೂ ಒಂದು ನೋಟ್ ದಾಟಲು ಸುಮಾರು 1 ಮಿಲಿಸೆಕೆಂಡ್ ಸಾಕು. ತಡ ಆಗುವುದು ಕಂಪ್ಯೂಟರಿನ ಬಫರ್‌ನಲ್ಲಿ, ಅಂದರೆ ದನಿಯ ತುಣುಕುಗಳನ್ನು (ಸ್ಯಾಂಪಲ್) ಅದು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಜಾಗದಲ್ಲಿ. ಸೆಕೆಂಡಿಗೆ 44,100 ಸ್ಯಾಂಪಲ್ ರೇಟ್‌ನಲ್ಲಿ ಬಫರ್ 1,024 ಸ್ಯಾಂಪಲ್ ಇದ್ದರೆ ಸುಮಾರು 23 ಮಿಲಿಸೆಕೆಂಡ್. ಅದೂ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ. 128ಕ್ಕೆ ಇಳಿಸಿದರೆ 3ರ ಆಸುಪಾಸು. ರೆಕಾರ್ಡ್ ಮಾಡುವಾಗ ಕಡಿಮೆ ಇಡಿ, ಮಿಕ್ಸಿಂಗ್‌ಗೆ ಏರಿಸಿ. ತೀರಾ ಇಳಿಸಿದರೆ ಚಟಚಟ ಸದ್ದು ಬರುತ್ತದೆ, ಆಗ ಒಂದು ಮೆಟ್ಟಿಲು ಮೇಲೆ ಹೋಗಿ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಆಸಿಯೋ (ASIO, ತಡ ಕಡಿಮೆ ಮಾಡುವ) ಡ್ರೈವರ್ ಹಾಕಿಕೊಳ್ಳಿ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ ಕೋರ್ ಆಡಿಯೋ ಒಳಗೇ ಇರುತ್ತದೆ. ಹಾಡುವವರಿಗಂತೂ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಆನ್ ಮಾಡಿ. ಅವರ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನ್‌ಗೆ ಬರುತ್ತದೆ.

ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಬಟನ್ ಇಂಟರ್‌ಫೇಸ್‌ನಲ್ಲೇ ಇರುತ್ತದೆ. ಒತ್ತುವ ಮೊದಲು ವಾಲ್ಯೂಮ್ ಇಳಿಸಿ. ಎಲೆಕ್ಟ್ರಾನಿಕ್ ತಂಬೂರಿ ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಲಿ. ಕೋಣೆಯಲ್ಲಿ ಹಾಕಿದರೆ ಮೈಕ್ ಒಳಗೆ ಸೇರಿಬಿಡುತ್ತದೆ, ಆಮೇಲೆ ತೆಗೆಯಲಾಗದು. ಗುಂಯ್ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಕರೆಂಟ್ ಕಡೆಯದು, ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ಪರೀಕ್ಷಿಸಿ. ಒಂದೇ ಕೀ ಒತ್ತಿದಾಗ ಕೀಬೋರ್ಡ್, ಸಾಫ್ಟ್‌ವೇರ್ ಎರಡೂ ನುಡಿದರೆ, ಕೀಬೋರ್ಡ್‌ನ ಸ್ವಂತ ದನಿ ರೆಕಾರ್ಡ್ ಆಗುವುದು ಬೇಡವಾದಾಗ ಅದರ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ.