ಕಪ್ಪು ಮಹಿಳೆಯರ ತಲೆವಸ್ತ್ರ ಬರೀ ಫ್ಯಾಶನ್ನಾ, ಅದಕ್ಕೆ ಬೇರೆ ಅರ್ಥ ಇದೆಯಾ?

ಖಂಡಿತ ಇದೆ. ಇದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಕಥೆಯೇ ಸಾಕು.

1786ರಲ್ಲಿ ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನ ಪ್ರಾಂತ್ಯ ಸ್ಪೇನ್ ಆಳ್ವಿಕೆಯಲ್ಲಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಅನೇಕ ಕಪ್ಪು ಮಹಿಳೆಯರು ಅಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದರು. ಕೂದಲಿಗೆ ಗರಿ, ಆಭರಣ ಮುಡಿದು ಚೆಂದವಾಗಿ ಓಡಾಡುತ್ತಿದ್ದರು. ಅದನ್ನು ತಡೆಯಲು ಗವರ್ನರ್ ಎಸ್ಟೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ. ಗರಿ, ಒಡವೆ ಮುಡಿಯಬಾರದು, ಕೂದಲನ್ನು ಬಟ್ಟೆಯಿಂದ ಮುಚ್ಚಬೇಕು ಎಂದ. ಆ ಬಟ್ಟೆಯ ಹೆಸರು ಟಿಯೋನ್. ಗುಲಾಮ ಹೆಂಗಸರು ಕೆಲಸ ಮಾಡುವಾಗ ತಲೆಗೆ ಬಟ್ಟೆ ಕಟ್ಟುತ್ತಿದ್ದರು. ಇವರೂ ಹಾಗೆಯೇ ಕಾಣಲಿ ಎಂಬುದು ಅದರ ಹಿಂದಿನ ಉದ್ದೇಶ.

ಹೆಂಗಸರು ತಲೆ ಮುಚ್ಚಿದರು ನಿಜ. ಆದರೆ ಹೇಗೆ ಗೊತ್ತಾ? ಗಾಢ ಬಣ್ಣದ ಒಳ್ಳೆ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ, ಕಿರೀಟದ ಹಾಗೆ ಕಟ್ಟಿದರು! ಅವಮಾನಕ್ಕೆಂದು ಕೊಟ್ಟ ಬಟ್ಟೆಯೇ ಗುರುತಾಯಿತು. ನನಗೆ ಈ ಭಾಗ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ನಮಗೆ ಹತ್ತಿರದ ಸಂಗತಿಯೂ ಒಂದಿದೆ. ಅವರು ತಲೆಗೆ ಸುತ್ತುತ್ತಿದ್ದ ಬಟ್ಟೆಗಳಲ್ಲಿ ಮದ್ರಾಸ್ ಚೌಕಳಿಯೂ ಇತ್ತು. ದಕ್ಷಿಣ ಭಾರತದ ನೇಕಾರರ ಮಗ್ಗದಿಂದ ಹಡಗಿನಲ್ಲಿ ಹೋದ ಹತ್ತಿ ಬಟ್ಟೆ ಅದು. ಕೆರಿಬಿಯನ್ ದ್ವೀಪಗಳಾದ ಮಾರ್ಟಿನಿಕ್, ಗ್ವಾಡೆಲೂಪ್, ಸೇಂಟ್ ಲೂಸಿಯಾಗಳಲ್ಲಿ ಹಬ್ಬದ ಉಡುಪಿಗೆ ಇಂದಿಗೂ ಅದೇ ಬೇಕು. ಅಲ್ಲಿನ ವಾಡಿಕೆ ಪ್ರಕಾರ ತಲೆವಸ್ತ್ರದಲ್ಲಿ ಒಂದೇ ತುದಿ ಮೇಲೆದ್ದಿದ್ದರೆ ಹುಡುಗಿಯ ಮನಸ್ಸು ಇನ್ನೂ ಖಾಲಿ ಎಂದರ್ಥ. ಮೂರು ತುದಿ ಇದ್ದರೆ ಮದುವೆಯಾಗಿದೆ.

ಕೂದಲಿನ ಜಗಳ ಮಾತ್ರ ಇನ್ನೂ ನಿಂತಿಲ್ಲ. ಜಡೆ, ಸುರುಳಿ ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದು ಎಂದು ಕ್ಯಾಲಿಫೋರ್ನಿಯಾ ಕಾನೂನು ತಂದಿದ್ದು 2019ರಲ್ಲಿ.