ಸಿವಿಲೈಸೇಶನ್ 6 ಕೈವಶವಾಗಿದ್ದವರಿಗೆ 7 ಯಾಕೆ ಕೈ ಕೊಡುತ್ತದೆ?

ನಿಮ್ಮ ಪ್ರಶ್ನೆ ಹೀಗಿದೆ: ಸಾಮ್ರಾಜ್ಯ ಕಟ್ಟುತ್ತ ಟರ್ನ್ ಟರ್ನ್ ಆಗಿ ಆಡುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 6ರಲ್ಲಿ ಕಠಿಣವಾದ ಎಂಪರರ್ ಹಂತದಲ್ಲೂ ಆರಾಮಾಗಿ ಗೆಲ್ಲುತ್ತೀರಿ, 7ರಲ್ಲಿ ಎರಡು ಆಟ ಆಡಿದಿರಿ, ಎರಡರಲ್ಲೂ ಮೊದಲ ಯುಗ ಮುಗಿದ ಕೂಡಲೇ ಸೈನ್ಯ ಅರ್ಧ ಮಾಯ, ನಗರಗಳೆಲ್ಲ ಪಟ್ಟಣ, ಲೈಬ್ರರಿ ಇದ್ದರೂ ವಿಜ್ಞಾನದ ಅಂಕಿ ಪಾತಾಳಕ್ಕೆ. ಇದು ಬಗ್ಗೋ, ಆಟದ ದೋಷವೋ, 6ಕ್ಕೇ ವಾಪಸ್ ಹೋಗುವುದು ವಾಸಿಯೋ?

ಬಗ್ ಅಲ್ಲ. ದೋಷ ಅನ್ನಬಹುದಾದದ್ದು ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ನೀವು ಎಡವಿದ್ದು 6ರ ಒಳ್ಳೆಯ ಅಭ್ಯಾಸಗಳಿಂದಲೇ. 6ರದ್ದು ಒಂದೇ ಮನೆಯನ್ನು ಮೊದಲ ಟರ್ನ್‌ನಿಂದ ಕೊನೆಯವರೆಗೂ ಕಟ್ಟುತ್ತ ಹೋಗುವ ಲೆಕ್ಕ. 7ರಲ್ಲಿ ನಡುವೆ ಎರಡು ಸಲ ಮನೆ ಖಾಲಿ ಮಾಡಬೇಕು. ಗಂಟುಮೂಟೆ ಕಟ್ಟುವಾಗ ಯಾವುದು ಜೊತೆಗೆ ಬರುತ್ತದೆ, ಯಾವುದು ಇಲ್ಲೇ ಉಳಿಯುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ಆಟ ಗೆದ್ದಂತೆ. ಮುಂದೆ ಹೇಳುವುದೆಲ್ಲ 2025ರ ಫೆಬ್ರವರಿ 11ರಂದು ಬಿಡುಗಡೆಯಾದ ಮೂಲ ಆಟದ ನಿಯಮಗಳನ್ನು ಆಧರಿಸಿದೆ. ಆಮೇಲಿನ ಅಪ್‌ಡೇಟ್‌ಗಳು ಕೆಲವು ಅಂಕಿಗಳನ್ನು ಮೆದು ಮಾಡಿವೆ, ಯುಗ ಬದಲಾವಣೆಯ ಪೆಟ್ಟು ಕಡಿಮೆ ಮಾಡುವ ಆಯ್ಕೆಯನ್ನೂ ಕೊಟ್ಟಿವೆ.

ಆಟ ಮೂರು ಯುಗಗಳಾಗಿ ಒಡೆದಿದೆ: ಆಂಟಿಕ್ವಿಟಿ, ಎಕ್ಸ್‌ಪ್ಲೊರೇಶನ್, ಮಾಡರ್ನ್. ನಾಯಕ ಕೊನೆಯವರೆಗೂ ಒಬ್ಬನೇ; ನಾಗರಿಕತೆ ಮಾತ್ರ ಪ್ರತಿ ಯುಗಕ್ಕೂ ಹೊಸದು. ಪ್ರತಿ ಯುಗಕ್ಕೂ ತಂತ್ರಜ್ಞಾನದ ಮರವೂ ಹೊಸದೇ. ಯುಗದ ಮೀಟರ್ ನೂರು ಮುಟ್ಟಿದ ಟರ್ನ್‌ನಲ್ಲಿ ಎಲ್ಲ ಯುದ್ಧಗಳೂ ಅಲ್ಲಿಗೇ ನಿಲ್ಲುತ್ತವೆ, ಅರ್ಧ ಕಟ್ಟಿದ ಅದ್ಭುತ (ಪಿರಮಿಡ್‌ನಂಥ ಮಹಾಕಟ್ಟಡ) ಅರ್ಧಕ್ಕೇ ಹೋಗುತ್ತದೆ, ರಾಜಧಾನಿ ಬಿಟ್ಟು ಉಳಿದ ನಗರಗಳು ಪಟ್ಟಣಗಳಾಗುತ್ತವೆ. ಈ ಮೀಟರ್ ಬರೀ ಟರ್ನ್ ಎಣಿಸುವುದಿಲ್ಲ. ನೀವಾಗಲಿ ಎದುರಾಳಿಯಾಗಲಿ ಲೆಗಸಿ ಹಾದಿಯ (ಪ್ರತಿ ಯುಗಕ್ಕೂ ಇರುವ ಗುರಿಗಳ ಸರಣಿ) ಮೈಲಿಗಲ್ಲು ಮುಟ್ಟಿದಾಗಲೂ ಮುಂದೆ ನೂಕುತ್ತದೆ. ಆದ್ದರಿಂದ 'ಇನ್ನೂ ಇಪ್ಪತ್ತು ಟರ್ನ್ ಇದೆ' ಅಂತ ನಂಬಿ ದೊಡ್ಡ ಮುತ್ತಿಗೆ ಶುರು ಮಾಡಿದರೆ ಹನ್ನೆರಡಕ್ಕೇ ಪರದೆ ಬೀಳಬಹುದು. ಮೀಟರ್ 70ರ ಆಸುಪಾಸಿಗೆ ಬರುವಾಗ ಕ್ರೈಸಿಸ್ ಎಂಬ ಕಾಟ ಹತ್ತಿಕೊಳ್ಳುತ್ತದೆ: ಪಿಡುಗು, ದಾಳಿ, ಜನರ ದಂಗೆ, ಇವುಗಳಲ್ಲಿ ಯಾವುದೋ ಒಂದು. ಜೊತೆಗೆ ಕೆಟ್ಟ ಪಾಲಿಸಿ ಕಾರ್ಡ್‌ಗಳನ್ನು (ನಿಮಗೇ ನಷ್ಟ ತರುವ ನೀತಿಗಳು) ನೀವೇ ಆರಿಸಿ ಹಾಕಿಕೊಳ್ಳಬೇಕು. ಕ್ರೈಸಿಸ್ ಶುರುವಾಯಿತೆಂದರೆ ಗಂಟುಮೂಟೆ ಕಟ್ಟಲು ಗಂಟೆ ಹೊಡೆಯಿತು ಅಂತಲೇ ತಿಳಿಯಿರಿ.

ಮೊದಲು ಸೈನ್ಯದ ವಿಷಯ. 6ರಲ್ಲಿ ಪ್ರತಿ ತುಕಡಿಯೂ ಅನುಭವ ಗಳಿಸುತ್ತಿತ್ತು; ಹಳೆಯ ಬಿಲ್ಲುಗಾರನನ್ನು ಮಗುವಿನಂತೆ ಕಾಪಾಡಿಕೊಂಡು ಬರುತ್ತಿದ್ದೆವು. 7ರಲ್ಲಿ ಅನುಭವ, ಬಡ್ತಿ ಎಲ್ಲ ಕಮಾಂಡರ್‌ಗೆ ಮಾತ್ರ, ತುಕಡಿಗಳಿಗೆ ಇಲ್ಲ. ಒಬ್ಬ ಕಮಾಂಡರ್ ನಾಲ್ಕು ತುಕಡಿಗಳನ್ನು ತನ್ನೊಳಗೆ ತುಂಬಿಕೊಂಡು ಒಂದೇ ಟೈಲ್‌ನಲ್ಲಿ (ನಕ್ಷೆಯ ಆರು ಮೂಲೆಯ ಒಂದು ತುಂಡು) ನಡೆಯುತ್ತಾನೆ. ಬಡ್ತಿಯಿಂದ ಈ ಸಂಖ್ಯೆ ಆರಕ್ಕೆ ಏರುತ್ತದೆ. ಆಂಟಿಕ್ವಿಟಿ ಮುಗಿದಾಗ ಉಳಿಯುವುದು ಕಮಾಂಡರ್‌ಗಳು, ಅವರಲ್ಲಿ ಹಿಡಿಸುವಷ್ಟು ತುಕಡಿಗಳು, ಅದರ ಮೇಲೆ ಆರು. ಕಮಾಂಡರ್ ಒಬ್ಬನೂ ಇಲ್ಲದೆ ಹದಿನಾಲ್ಕು ತುಕಡಿ ಸಾಕಿದ್ದರೆ ಎಂಟು ಗೋತಾ. ಇಬ್ಬರು ಕಮಾಂಡರ್‌ಗಳಿದ್ದರೆ ಹದಿನಾಲ್ಕೂ ದಾಟುತ್ತವೆ. ಅಷ್ಟೇ ಅಲ್ಲ, ಹೊಸ ಯುಗದ ಮಟ್ಟಕ್ಕೆ ಪುಕ್ಕಟೆಯಾಗಿ ಏರುತ್ತವೆ. ಹಾಗಾಗಿ ಕ್ರೈಸಿಸ್ ಹೊತ್ತಿನಲ್ಲಿ ಹೊಸ ಕತ್ತಿವೀರನಿಗೆ ಹಣ ಹಾಕುವ ಬದಲು ಇನ್ನೊಬ್ಬ ಕಮಾಂಡರ್‌ಗೆ ಹಾಕಿ.

ರಣರಂಗದಲ್ಲಿ ಹೊಸಬರು ಮಾಡುವ ತಪ್ಪು ಬಹುಪಾಲು ಒಂದೇ. ಕಮಾಂಡರ್‌ನನ್ನು ಶತ್ರುವಿನ ಗೋಡೆಗೆ ತಾಗಿಸಿ ನಿಲ್ಲಿಸಿ ತುಕಡಿಗಳನ್ನು ಇಳಿಸುತ್ತಾರೆ. ಇಳಿದ ತುಕಡಿ ಆ ಟರ್ನ್ ಚಲಿಸುವಂತಿಲ್ಲ, ಹೊಡೆಯುವಂತಿಲ್ಲ (ಅದನ್ನು ತಪ್ಪಿಸಲೆಂದೇ ಇನಿಶಿಯೇಟಿವ್ ಎಂಬ ಬಡ್ತಿ ಇದೆ). ಎದುರಾಳಿ ಸುಮ್ಮನೆ ನಿಂತ ನಾಲ್ಕನ್ನೂ ಆರಾಮಾಗಿ ಚಚ್ಚುತ್ತಾನೆ. ಎರಡು ಮೂರು ಟೈಲ್ ಹಿಂದೆಯೇ ಇಳಿಸಿ, ಮುಂದಿನ ಟರ್ನ್ ಮುಂದುವರಿಯಿರಿ, ಕಮಾಂಡರ್ ಮಾತ್ರ ತುಕಡಿಗಳ ಹತ್ತಿರವೇ ಇರಲಿ. ಅವನ ಪ್ರಭಾವ ಸಿಗುವುದೂ ಅವನು ಅನುಭವ ಗಳಿಸುವುದೂ ಕಾಳಗ ಅವನ ಸುತ್ತಳತೆಯೊಳಗೆ ನಡೆದಾಗಲೇ. ಅವನು ಸತ್ತರೂ ಕೆಲವು ಟರ್ನ್ ಕಳೆದು ಮರಳಿ ಬರುತ್ತಾನೆ. ನನ್ನ ಮಟ್ಟಿಗೆ 6ಕ್ಕಿಂತ 7 ನಿಸ್ಸಂಶಯವಾಗಿ ಮೇಲು ಅನ್ನಿಸುವುದು ಈ ವಿಷಯದಲ್ಲಿ. 6ರಲ್ಲಿ ಹನ್ನೆರಡು ತುಕಡಿಗಳನ್ನು ಒಂದು ಕಣಿವೆ ದಾಟಿಸುವುದೆಂದರೆ ಶುದ್ಧ ತಲೆನೋವು.

ಇನ್ನು ನಿಮ್ಮ ಲೈಬ್ರರಿ. 6ರಲ್ಲಿ ಕ್ಯಾಂಪಸ್ (ವಿಜ್ಞಾನದ ಕಟ್ಟಡಗಳ ಜಿಲ್ಲೆ) ಅಂದರೆ ಕ್ಯಾಂಪಸ್. ಬೆಟ್ಟದ ಪಕ್ಕ ಒಮ್ಮೆ ಕೂರಿಸಿದರೆ ಆಟ ಮುಗಿಯುವವರೆಗೂ ನಿಶ್ಚಿಂತೆ. 7ರಲ್ಲಿ ಜಿಲ್ಲೆಗೆ ಹೆಸರಿಲ್ಲ. ನಗರದ ಒಂದೊಂದು ಟೈಲ್‌ನಲ್ಲೂ ಎರಡು ಕಟ್ಟಡ ಹಿಡಿಸುತ್ತವೆ. ಯುಗ ಬದಲಾದಾಗ ಹಳೆಯ ಕಟ್ಟಡಗಳಿಗೆ ಅಕ್ಕಪಕ್ಕದಿಂದ ಬರುತ್ತಿದ್ದ ಲಾಭ ಕಳಚಿಬೀಳುತ್ತದೆ, ಖರ್ಚು ಮಾತ್ರ ಹಾಗೇ ಇರುತ್ತದೆ. ಅಂಕಿ ಪಾತಾಳಕ್ಕೆ ಇಳಿದದ್ದು ಇದರಿಂದ. ಮದ್ದು ಏನೆಂದರೆ ಹಳೆಯದರ ಮೇಲೆಯೇ ಹೊಸ ಯುಗದ್ದನ್ನು ಕಟ್ಟುವುದು: ಲೈಬ್ರರಿ, ಅಕಾಡೆಮಿ ಇದ್ದ ಟೈಲ್ ಮೇಲೆ ಅಬ್ಸರ್ವೇಟರಿ, ಯೂನಿವರ್ಸಿಟಿ.

ಟೈಲ್ ಆರಿಸುವ ಸೂತ್ರವೂ ಬದಲಾಗಿದೆ. ವಿಜ್ಞಾನ ಮತ್ತು ಉತ್ಪಾದನೆಯ ಕಟ್ಟಡಗಳಿಗೆ ಪಕ್ಕದಲ್ಲಿ ಸಂಪನ್ಮೂಲಗಳಿರಬೇಕು. ಸಂಸ್ಕೃತಿ, ಸಂತೋಷದವಕ್ಕೆ ಬೆಟ್ಟ ಮತ್ತು ನೈಸರ್ಗಿಕ ಅದ್ಭುತ. ಹಣ, ಆಹಾರದವಕ್ಕೆ ಕರಾವಳಿ ಮತ್ತು ಹಡಗು ಓಡಾಡುವ ನದಿ. ಕಟ್ಟಿದ ಅದ್ಭುತದ ಪಕ್ಕ ಯಾವುದಿದ್ದರೂ ಲಾಭವೇ. ಈ ಸೂತ್ರ ಮೂರೂ ಯುಗಗಳಲ್ಲಿ ಹೀಗೇ ಇರುವುದರಿಂದ ಮೊದಲ ಯುಗದಲ್ಲಿ ಸರಿಯಾದ ಟೈಲ್ ಹಿಡಿದರೆ ಮುಂದಿನ ಎರಡರಲ್ಲೂ ಅದೇ ಜಾಗ ನಡೆಯುತ್ತದೆ. ಮನೆ ಹೋದರೂ ನಿವೇಶನ ನಿಮ್ಮದೇ.

ಇಲ್ಲೊಂದು ಹೊಂಡ ಇದೆ, ಆಟ ಅದನ್ನು ಸರಿಯಾಗಿ ಹೇಳುವುದೂ ಇಲ್ಲ. ಗ್ರೇನರಿ, ಬ್ರಿಕ್‌ಯಾರ್ಡ್, ಸಾಪಿಟ್‌ನಂಥ ಉಗ್ರಾಣದ ಕಟ್ಟಡಗಳು 'ಏಜ್‌ಲೆಸ್'. ಅವು ಹಳತಾಗುವುದಿಲ್ಲ, ಅದಕ್ಕೇ ಅವುಗಳ ಮೇಲೆ ಇನ್ನೊಂದನ್ನು ಕಟ್ಟಲೂ ಆಗುವುದಿಲ್ಲ. ಅವಕ್ಕೆ ಅಕ್ಕಪಕ್ಕದ ಲಾಭವೂ ಇಲ್ಲ. ಅಂಥ ಗ್ರೇನರಿಯನ್ನು ಮೂರು ಸಂಪನ್ಮೂಲ ತಾಗುವ ಟೈಲ್‌ನಲ್ಲಿ ಲೈಬ್ರರಿಯ ಜೊತೆಗೆ ಕೂರಿಸಿದಿರೋ, ಆ ಟೈಲ್‌ನ ಅರ್ಧ ಭಾಗ ಆಟ ಮುಗಿಯುವವರೆಗೂ ದಂಡ. ಉಗ್ರಾಣಗಳನ್ನು ಎರಡೆರಡಾಗಿ, ಯಾತಕ್ಕೂ ಬಾರದ ಟೈಲ್‌ಗೆ ತಳ್ಳಿಬಿಡಿ.

ಸ್ಪೆಷಲಿಸ್ಟ್‌ಗಳನ್ನು (ಕಟ್ಟಡಗಳಿರುವ ಟೈಲ್‌ನಲ್ಲಿ ಕೆಲಸಕ್ಕೆ ಕೂರಿಸುವ ಜನ) 6ರಲ್ಲಿ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ; ಇಲ್ಲಿ ಅವರೇ ಬೆನ್ನೆಲುಬು. ಒಬ್ಬೊಬ್ಬರಿಗೂ 2 ಆಹಾರ, 2 ಸಂತೋಷ ಖರ್ಚು. ಬದಲಿಗೆ 2 ವಿಜ್ಞಾನ, 2 ಸಂಸ್ಕೃತಿ, ಜೊತೆಗೆ ಆ ಟೈಲ್‌ನ ಅಕ್ಕಪಕ್ಕದ ಲಾಭಕ್ಕೆ ಅರ್ಧದಷ್ಟು ಹೆಚ್ಚಳ. ಎಕ್ಸ್‌ಪ್ಲೊರೇಶನ್‌ನ ವಿಜ್ಞಾನದ ಹಾದಿ ಕೇಳುವುದು ಒಟ್ಟು 40 ಇಳುವರಿ ಕೊಡುವ ಐದು ಟೈಲ್‌ಗಳನ್ನು. ಚದುರಿದ ಕಟ್ಟಡಗಳಿಂದ ಅದು ಆಗದ ಮಾತು. ಸ್ಪೆಷಲಿಸ್ಟ್‌ಗಳನ್ನು ಆಯ್ದ ಟೈಲ್‌ಗಳಲ್ಲೇ ಗುಡ್ಡೆ ಹಾಕಬೇಕು.

6ರಲ್ಲಿ ಹೊಲ, ಗಣಿ ಕಟ್ಟುತ್ತಿದ್ದ ಬಿಲ್ಡರ್ ಇಲ್ಲಿ ಇಲ್ಲ. ಒಬ್ಬನನ್ನು ಮೂರು ಸಲ ಬಳಸುವ ಲೆಕ್ಕ, ಕಾಡು ಕಡಿದು ಅದ್ಭುತ ಮುಗಿಸುವ ಚಾಳಿ, ಎಲ್ಲಕ್ಕೂ ಎಳ್ಳುನೀರು. ಜನಸಂಖ್ಯೆ ಒಂದು ಏರಿದಾಗ ಒಂದು ಟೈಲ್ ಆರಿಸುತ್ತೀರಿ, ಅಲ್ಲಿ ಹೊಲವೋ ಗಣಿಯೋ ತಾನೇ ಎದ್ದು ನಿಲ್ಲುತ್ತದೆ.

ಪಟ್ಟಣ ಮತ್ತು ನಗರದ ವ್ಯತ್ಯಾಸ ಅರ್ಥವಾಗದೆ ಹಣ ಕಳೆದುಕೊಳ್ಳುವವರೇ ಹೆಚ್ಚು. ಹೊಸದಾಗಿ ನೆಲೆ ಊರಿದ್ದೆಲ್ಲ ಪಟ್ಟಣ. ಪಟ್ಟಣಕ್ಕೆ ಉತ್ಪಾದನೆಯ ಸರದಿ ಇಲ್ಲ. ಅದರ ಉತ್ಪಾದನೆಯೆಲ್ಲ ಹಣವಾಗುತ್ತದೆ, ಬೇಕಾದ್ದನ್ನು ಆ ಹಣದಿಂದ ಕೊಳ್ಳುತ್ತೀರಿ. ಜನಸಂಖ್ಯೆ 7 ಆದಾಗ ಕೃಷಿ, ಗಣಿ, ಕೋಟೆ, ವ್ಯಾಪಾರ ಅಂತ ಒಂದು ಕಸುಬು ಕೊಡಬಹುದು. ಆಗ ಅದು ಬೆಳೆಯುವುದನ್ನು ನಿಲ್ಲಿಸಿ ತನ್ನ ಆಹಾರವನ್ನು ಸಂಪರ್ಕದಲ್ಲಿರುವ ನಗರಗಳಿಗೆ ಕಳಿಸುತ್ತದೆ. 6ರಿಂದ ಬಂದವರಿಗೆ ಪಟ್ಟಣ ಕಂಡರೆ ಕೈ ತುರಿಸುತ್ತದೆ, ಹಣ ಸುರಿದು ಎಲ್ಲವನ್ನೂ ನಗರ ಮಾಡಿಬಿಡುತ್ತಾರೆ. ಆಮೇಲೆ ಅನ್ನ ಕಳಿಸುವವರೂ ಇಲ್ಲ, ಹಣ ಕೊಡುವವರೂ ಇಲ್ಲ. ಮೊದಲ ಯುಗಕ್ಕೆ ರಾಜಧಾನಿ ಸೇರಿ ಎರಡು ಮೂರು ನಗರ ಸಾಕು ಅನ್ನುವುದು ನನ್ನ ಅಭಿಪ್ರಾಯ. ಯುಗದ ಕೊನೆಗೆ ಬಂದು ನಗರ ಮಾಡುವುದಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಯುಗ ದಾಟಿದರೆ ಅದು ಮತ್ತೆ ಪಟ್ಟಣ. ಆರ್ಥಿಕ ಲೆಗಸಿ ಹಾದಿ ಪೂರ್ತಿ ಮಾಡಿ ಅದರ ಗೋಲ್ಡನ್ ಏಜ್ ಬಹುಮಾನ ಆರಿಸಿಕೊಂಡರೆ ಮಾತ್ರ ನಗರಗಳು ನಗರಗಳಾಗಿಯೇ ಉಳಿಯುತ್ತವೆ.

ನೆಲೆಗಳ ಸಂಖ್ಯೆಗೂ ಮಿತಿ ಇದೆ, ಪರದೆಯ ಮೇಲ್ಗಡೆ ಕಾಣುತ್ತದೆ. ಮೀರಿದರೆ ಪ್ರತಿ ಹೆಚ್ಚುವರಿ ನೆಲೆಗೆ ಎಲ್ಲ ನೆಲೆಗಳಲ್ಲೂ 5 ಸಂತೋಷ ಕಡಿತ. ಒಂದು ಮೀರಿದರೆ ಸಂಭಾಳಿಸಬಹುದು. ಮೂರು ಮೀರಿದರೆ ಊರೂರಲ್ಲೂ ಅಶಾಂತಿ. ದಂಡೆತ್ತಿ ಹೋಗುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಗುರಿ ವಿಷಯಕ್ಕೆ ಬಂದರೆ, ಆಂಟಿಕ್ವಿಟಿಯಲ್ಲಿ ನಾಲ್ಕು ಲೆಗಸಿ ಹಾದಿಗಳು: ಹತ್ತು ಕೋಡೆಕ್ಸ್ (ಹಸ್ತಪ್ರತಿ) ಪ್ರದರ್ಶಿಸುವುದು, ಏಳು ಅದ್ಭುತ ಕಟ್ಟುವುದು, ಇಪ್ಪತ್ತು ಸಂಪನ್ಮೂಲ ಹಂಚುವುದು, ನೆಲೆಗಳಿಂದ ಹನ್ನೆರಡು ಅಂಕ ಗಳಿಸುವುದು (ಗೆದ್ದುಕೊಂಡ ನೆಲೆಗೆ ಎರಡು ಅಂಕ). ನಾಲ್ಕಕ್ಕೂ ಕೈ ಹಾಕಬೇಡಿ. ಒಂದು ಪೂರ್ತಿ, ಇನ್ನೊಂದು ಅರ್ಧ, ಅಷ್ಟು ಸಾಕು. ಎಕ್ಸ್‌ಪ್ಲೊರೇಶನ್‌ನಲ್ಲಿ ಆಟ ಕಡಲಾಚೆಗೆ ಹೊರಳುತ್ತದೆ. ಕಾರ್ಟೋಗ್ರಫಿ ತಂತ್ರಜ್ಞಾನ ಬಂದರೆ ಹಡಗು ಆಳ ಸಮುದ್ರಕ್ಕೆ ಇಳಿಯಬಹುದು, ಆದರೆ ಪೆಟ್ಟು ತಿನ್ನುತ್ತಲೇ ಸಾಗಬೇಕು. ಶಿಪ್‌ಬಿಲ್ಡಿಂಗ್ ಕಲಿತ ಮೇಲೆ ಆ ಕಾಟ ಇಲ್ಲ. ಟ್ರೆಷರ್ ಫ್ಲೀಟ್ (ಕಡಲಾಚೆಯ ನೆಲೆಯಿಂದ ಸಂಪತ್ತು ತರುವ ಹಡಗು) ಬರುತ್ತಿಲ್ಲ ಅಂತ ಗೋಳಾಡುವವರ ನೆಲೆ ಸಾಮಾನ್ಯವಾಗಿ ಒಳನಾಡಿನಲ್ಲಿರುತ್ತದೆ, ಇಲ್ಲವೇ ಫಿಶಿಂಗ್ ಕ್ವೇ (ಮೀನುಗಾರಿಕೆಯ ಕಟ್ಟೆ) ಕಟ್ಟಿರುವುದಿಲ್ಲ.

ಈಗ ದೋಷಗಳು. ಲಾಯಲ್ಟಿ ಇಲ್ಲ. 6ರಲ್ಲಿ ಎದುರಾಳಿ ನಿಮ್ಮ ನಡುಮನೆಗೆ ಬಂದು ಊರು ಕಟ್ಟಿದರೆ ಅದು ತಾನಾಗಿ ನಿಮ್ಮ ಕಡೆ ವಾಲುತ್ತಿತ್ತು. 7ರಲ್ಲಿ ಖಾಲಿ ಬಿಟ್ಟ ಪ್ರತಿ ಮೂಲೆಗೂ ಕಂಪ್ಯೂಟರ್ ಬಂದು ಗೂಟ ಹೊಡೆಯುತ್ತದೆ, ಅದನ್ನು ತೆಗೆಸಲು ಯುದ್ಧ ಬಿಟ್ಟರೆ ಬೇರೆ ದಾರಿ ಇಲ್ಲ. ಧರ್ಮದ ಆಟ ಪೇಲವ. ದೇಶಗಳೆಲ್ಲ ಸೇರಿ ಮತ ಹಾಕುವ ವರ್ಲ್ಡ್ ಕಾಂಗ್ರೆಸ್ ಇಲ್ಲ, ನಗರ ನೋಡಿಕೊಳ್ಳುವ ಗವರ್ನರ್‌ಗಳಿಲ್ಲ. ನಿಜ ಹೇಳಬೇಕೆಂದರೆ 6ರಲ್ಲೂ ಲಾಯಲ್ಟಿ, ಗವರ್ನರ್, ಕಾಂಗ್ರೆಸ್ ಎಲ್ಲ ಆಮೇಲಿನ ವಿಸ್ತರಣೆಗಳಲ್ಲಿ ಬಂದದ್ದು. 2016ರ 6 ಹೀಗೆ ತುಂಬಿಕೊಂಡಿರಲಿಲ್ಲ. ಎಲ್ಲಕ್ಕಿಂತ ಸಿಟ್ಟು ಬರಿಸುವುದು ಪರದೆಯ ವಿನ್ಯಾಸ. ಯಾವ ಅಂಕಿ ಎಲ್ಲಿಂದ ಬಂತು ಅನ್ನುವುದನ್ನು ಕೆದಕಿ ತೆಗೆಯಬೇಕು. ನಗರಕ್ಕೆ ಹೆಸರಿಡುವ, ಗೆದ್ದ ಮೇಲೂ 'ಇನ್ನೊಂದು ಟರ್ನ್' ಆಡುವ, ದೊಡ್ಡ ನಕ್ಷೆ ಆರಿಸುವ ಸೌಲಭ್ಯಗಳೆಲ್ಲ ಬಿಡುಗಡೆಯಾದ ಮೇಲೆ ಅಪ್‌ಡೇಟ್‌ಗಳಲ್ಲಿ ಬಂದವು. ಆಟ ಮಾರುವ ತಾಣವಾದ ಸ್ಟೀಮ್‌ನ ವಿಮರ್ಶೆಗಳಲ್ಲಿ 'ಮಿಕ್ಸೆಡ್' (ಮಿಶ್ರ) ಅನ್ನಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಸಾಮ್ರಾಜ್ಯವನ್ನು ಮುನ್ನೂರು ಟರ್ನ್ ಸಾಕುವುದೇ ನಿಮಗೆ ಖುಷಿಯೆಂದರೆ 6ರಲ್ಲೇ ಇರಿ, ಅದು ಇವತ್ತಿಗೂ ಹೆಚ್ಚು ತುಂಬಿದ ಆಟ. ಆದರೆ 6ರಲ್ಲಿ ಶುರು ಮಾಡಿ ನೂರೈವತ್ತನೇ ಟರ್ನ್‌ಗೆ 'ಹೇಗೂ ಗೆದ್ದೆ' ಅಂತ ಮುಚ್ಚಿಟ್ಟ ಆಟಗಳು ಹತ್ತಾರಿದ್ದರೆ, 7 ಆ ರೋಗಕ್ಕೇ ಮಾಡಿದ ಔಷಧ. ಯುಗ ಬದಲಾದಾಗಲೆಲ್ಲ ಎದುರಾಳಿಗಳು ಮತ್ತೆ ಹತ್ತಿರಕ್ಕೆ ಬರುತ್ತಾರೆ. ಕಂಪ್ಯೂಟರ್‌ಗೆ ಕನಿಷ್ಠ 8 ಜಿಬಿ ರ್‍ಯಾಮ್, ಜಿಟಿಎಕ್ಸ್ 1050 ಮಟ್ಟದ ಗ್ರಾಫಿಕ್ಸ್ ಕಾರ್ಡ್, 20 ಜಿಬಿ ಜಾಗ ಬೇಕು. ಆರಾಮಾಗಿ ಓಡಲು 16 ಜಿಬಿ ರ್‍ಯಾಮ್ ಇರಲಿ.

ಮೂರನೇ ಆಟಕ್ಕೆ ಹೀಗೆ ಮಾಡಿ ನೋಡಿ. ಕಷ್ಟದ ಹಂತ 'ಗವರ್ನರ್', ಸೆಟಪ್‌ನಲ್ಲಿ ಕ್ರೈಸಿಸ್ ಆಫ್. ನಾಯಕ ಅಶೋಕ, ಎರಡು ರೂಪಗಳಲ್ಲಿ ವರ್ಲ್ಡ್ ರಿನೌನ್ಸರ್ ಅನ್ನುವುದು, ನಾಗರಿಕತೆ ಮೌರ್ಯ. ಮಿಗತೆ ಸಂತೋಷ ಅವನ ನಗರಗಳಿಗೆ ಆಹಾರವಾಗಿ ಒದಗುತ್ತದೆ, ಹೀಗಾಗಿ ಮಿತಿ ಮೀರಿದ ತಪ್ಪಿಗೂ ಸ್ವಲ್ಪ ಕ್ಷಮೆ ಸಿಗುತ್ತದೆ. ಎರಡನೇ ಯುಗಕ್ಕೆ ಮೌರ್ಯದಿಂದ ಚೋಳ ತಾನಾಗಿ ತೆರೆದುಕೊಳ್ಳುತ್ತದೆ. ಕಡಲಾಚೆಯ ಯುಗಕ್ಕೆ ಹಡಗು, ವ್ಯಾಪಾರದವರೇ ಸರಿ. ಚಾಲುಕ್ಯ, ವಿಜಯನಗರ ಮೂಲ ಆಟದಲ್ಲಿ ಇಲ್ಲ ಅನ್ನುವ ಬೇಸರ ನನಗೂ ಇದೆ. ಆದರೆ ಚೋಳರ ವಿಶೇಷ ಕ್ವಾರ್ಟರ್‌ನ (ಎರಡು ಕಟ್ಟಡ ಜೊತೆಗೂಡಿದ ಟೈಲ್) ಹೆಸರು 'ಫೈವ್ ಹಂಡ್ರೆಡ್ ಲಾರ್ಡ್ಸ್', ಅಂದರೆ ನಮ್ಮ ಅಯ್ಯಾವೊಳೆ ಐನೂರ್ವರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ಮಾಡಿದ ವರ್ತಕ ಸಂಘ ಅದು. ಅದನ್ನು ಕಟ್ಟುವಾಗ ಅಂಜುವಣ್ಣಂ, ಮಣಿಗ್ರಾಮಂ ಎಂಬ ಎರಡೂ ಕಟ್ಟಡಗಳು ಒಂದೇ ಟೈಲ್‌ನಲ್ಲಿ ಬರಬೇಕು. ಬೇರೆ ಬೇರೆ ಕಡೆ ಕೂರಿಸಿದರೆ ಐನೂರ್ವರು ಬರುವುದಿಲ್ಲ, ಆಮೇಲೆ ಕಿತ್ತು ಜೋಡಿಸಲೂ ಆಗುವುದಿಲ್ಲ.